ಅಕ್ಕನ ಅನುಮಾನ, ನನ್ನ ಕುತ್ತಿಗೆ

ಐವತ್ತೆರಡು ವರ್ಷದ ಗಂಡಸಿನ ಅಂಗಿಯ ಕಾಲರನ್ನು ಡಾಕ್ಟರರ ಮುಂದೆ ಯಾರಾದರೂ ಹಿಡಿದು ಎಳೆಯುತ್ತಾರೆಯೇ? ನಮ್ಮಕ್ಕ ಎಳೆದಳು. ಇದೇ ಜಮಖಂಡಿಯಲ್ಲಿ, ಬಾಗಿಲ ಬಳಿ ನಾಲ್ಕೈದು ಪೇಶಂಟುಗಳು ಇಣುಕುತ್ತಿರುವಾಗ.

ಅಕ್ಕ ಇರುವುದು ರಬಕವಿಯಲ್ಲಿ. ಸೀರೆ ನೇಯುವವರಿಗೆ ರೇಷ್ಮೆ ನೂಲು ಸುತ್ತಿಕೊಡುವುದು ಅವಳ ಕೆಲಸ. ಮೂವತ್ತು ವರ್ಷದಿಂದ ಅದೇ. ಈ ಚಳಿಗಾಲದಲ್ಲಿ ಅವಳ ಕೈಗಳು ಕೆಟ್ಟವು. ಅಂಗೈ ಒಣಗಿ ಕೆಂಪಾಯಿತು, ಒಂದೇ ಸಮ ತುರಿಕೆ. ಕೊಬ್ಬರಿ ಎಣ್ಣೆ ಆಯಿತು, ಔಡಲೆಣ್ಣೆ ಆಯಿತು, ಬೆಣ್ಣೆಯೂ ಆಯಿತು. ಒರಟು ಚರ್ಮಕ್ಕೆ ಸಿಕ್ಕ ರೇಷ್ಮೆ ಎಳೆ ಪಟ್ಟನೆ ಹರಿಯತೊಡಗಿತು.

"ಕೈ ನೆಟ್ಟಗಾಗೂತನಕ ನೂಲು ಮುಟ್ಟಬ್ಯಾಡ್ರಿ" ಎಂದುಬಿಟ್ಟರಂತೆ ಮಾಲಕರು. ಅಕ್ಕ ಅಳುವವಳಲ್ಲ. ಆದರೆ ನಮ್ಮ ಮನೆಗೆ ಬಂದಾಗ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಕೂತಿದ್ದಳು.

ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವರು ನೋಡಿ, ಒಂದು ಸಣ್ಣ ಟ್ಯೂಬ್ ಬರೆದುಕೊಟ್ಟು, "ಏಳು ದಿನ ಅಷ್ಟ ಹಚ್ಚರಿ" ಎಂದರು. ಮನೆಗೆ ಬಂದು ನಾನು ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿ ಓದಿದೆ. (ಓದಲು ಬರುತ್ತದೆಂದು ತೋರಿಸುವ ಚಟ, ಮತ್ತೇನಿಲ್ಲ.)

"ಅಕ್ಕಾ, ಇದರಾಗ ಸ್ಟೆರಾಯ್ಡ್ ಐತಿ."

ಮುಗಿಯಿತು! ಅವಳ ಓಣಿಯಲ್ಲಿ ಒಬ್ಬ ದಮ್ಮಿನ ಮುದುಕರಿದ್ದರಂತೆ. ಆ ಹೆಸರಿನ ಗುಳಿಗೆ ವರ್ಷಗಟ್ಟಲೆ ನುಂಗಿ ಅವರ ಮುಖ ಬಾತಿತ್ತಂತೆ. ಅಕ್ಕ ಟ್ಯೂಬನ್ನು ಕಿಟಕಿಯಲ್ಲಿಟ್ಟು ದೂರ ಕೂತಳು.

"ಛಲೋ ಔಷಧ ಇದ್ದರ ಏಳ ದಿನಕ್ಕ ಯಾಕ ಬಿಡಬೇಕೋ ತಮ್ಮಾ? ಏನೋ ಮುಚ್ಚಿಡಾಕತ್ತಾರ."

ನನಗೆ ರೇಗಿತು. "ನಾನೂ ಇಂಥಾದ್ದ ಹಚ್ಚತೀನಿ, ನೋಡಿಲ್ಲೆ. ನನಗೇನಾಗೇತಿ?" ಎಂದು ನನ್ನ ಟ್ಯೂಬ್ ತಂದು ಮುಂದಿಟ್ಟೆ. ಕುತ್ತಿಗೆಯ ತುರಿಕೆಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದದ್ದು. ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ಮಾಯ. ಬಿಟ್ಟರೆ ಮತ್ತೆ ಹಾಜರ್. ಮತ್ತೆ ಹಚ್ಚುವುದು. ಆರು ತಿಂಗಳಿಂದ ಹೀಗೇ ನಡೆದಿತ್ತು.

"ಯಾರು ಬರದಕೊಟ್ರು?"

"ಯಾರೂ ಇಲ್ಲ. ಅಂಗಡ್ಯಾವ ಕೊಟ್ಟ."

"ಎಷ್ಟ ದಿನ ಹಚ್ಚಂದ?"

"ಹೇಳಲಿಲ್ಲ."

ಇಪ್ಪತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತನಾಗಿ ಕೂತು ಎಷ್ಟೋ ಪಾಟೀಸವಾಲು ಕೇಳಿದ್ದೇನೆ. ಹೀಗೆ ಬೆವರಿದ್ದು ಇದೇ ಮೊದಲು. ಅಕ್ಕ ಎರಡೂ ಟ್ಯೂಬುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದಳು. "ನಡಿ, ಡಾಕ್ಟರ್ ಬಾಯಾರನ್ನ ಕೇಳೂಣು."

ಡಾಕ್ಟರಮ್ಮ ಬೇಸರಿಸಲಿಲ್ಲ. ಅಕ್ಕನ ಮಾತು ಪೂರ್ತಿ ಕೇಳಿದರು.

"ಅಕ್ಕಾರ, ಇದು ಆ ಮುದುಕರ ಗುಳಿಗಿ ಅಲ್ಲ. ಭಾಳ ಕಡಿಮಿ ಜೋರಿನ ಕ್ರೀಮು. ನಿಮ್ಮ ಬೆರಳಿನ ತುದಿ ಗೆಣ್ಣಿನಷ್ಟು ಉದ್ದ ಒತ್ತರಿ, ಎರಡೂ ಅಂಗೈಗೆ ಅಷ್ಟ ಸಾಕು. ಕೆಂಪಗಾದಲ್ಲೆ ಮಾತ್ರ, ತೆಳ್ಳಗ, ದಿನಕ್ಕ ಎರಡ ಸಲ. ಕಣ್ಣಿನ ಸುತ್ತ, ಮುಖಕ್ಕ ಬ್ಯಾಡ. ಬಟ್ಟಿ ಸೋಪು ಮುಟ್ಟಬ್ಯಾಡ್ರಿ. ಎಣ್ಣಿ ಬಿಡಬ್ಯಾಡ್ರಿ. ಆದ್ರ ಕ್ರೀಮು ಹಚ್ಚಿ ಅರ್ಧ ತಾಸು ಬಿಟ್ಟು ಎಣ್ಣಿ."

"ಏಳ ದಿನಕ್ಕ ಯಾಕ ಬಿಡಬೇಕ್ರಿ?"

"ಉರಿ ಇಳಿಸೂದು ಅದರ ಕೆಲಸ. ಇಳದ ಮ್ಯಾಲ ಕೆಲಸ ಇಲ್ಲ. ಸುಮ್ಮನ ತಿಂಗಳಗಟ್ಟಲೆ ಹಚ್ಚಿದ್ರ ಚರ್ಮ ತೆಳ್ಳಗಾಗತೈತಿ. ಏಳ ದಿನಕ್ಕ ಕಡಿಮಿ ಆಗಲಿಲ್ಲಂದ್ರ ಹೆಚ್ಚ ಹಚ್ಚಬ್ಯಾಡ್ರಿ, ನನ್ನ ಕಡೆ ಬರ್ರಿ."

ಅಕ್ಕನ ಮುಖ ಸ್ವಲ್ಪ ಸಡಿಲಾಯಿತು. ಆಗಲೇ ನನ್ನ ಕಾಲರಿಗೆ ಕೈ ಹಾಕಿದಳು. "ಹಂಗಾರ ಇವನ್ನ ನೋಡ್ರಿ ಬಾಯಾರ!"

ಡಾಕ್ಟರಮ್ಮ ನನ್ನ ಟ್ಯೂಬ್ ಓದಿದರು. ಕುತ್ತಿಗೆಯನ್ನು ದೀಪಕ್ಕೆ ತಿರುಗಿಸಿ ನೋಡಿದರು. ನನ್ನದು ಒಣಚರ್ಮವೇ ಅಲ್ಲವಂತೆ, ಹುಳುಕಡ್ಡಿ. ನಾನು ಹಚ್ಚಿದ್ದು ಅಕ್ಕನದಕ್ಕಿಂತ ಎಷ್ಟೋ ಪಟ್ಟು ಜೋರಿನ ಸ್ಟೆರಾಯ್ಡ್. ಅದು ತುರಿಕೆಯನ್ನು ಅಡಗಿಸುತ್ತ, ಕೆಳಗೆ ಹುಳುಕಡ್ಡಿಯನ್ನು ಹಾಯಾಗಿ ಬೆಳೆಯಲು ಬಿಟ್ಟಿತ್ತು. ಮೇಲಿನ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತಿದ್ದವು.

"ಓದಿದವರು ಅದೀರಿ" ಎಂದರು ಡಾಕ್ಟರಮ್ಮ. ಅಷ್ಟೇ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಅಕ್ಕ ಕ್ಯಾಲೆಂಡರಿನಲ್ಲಿ ಗೀಟು ಹಾಕಿಕೊಂಡು ಹಚ್ಚಿದಳು. ನಾಲ್ಕನೇ ದಿನ ತುರಿಕೆ ನಿಂತಿತು, ಏಳನೇ ದಿನಕ್ಕೆ ಕೆಂಪು ಹೋಗಿತ್ತು. ಎಂಟನೇ ದಿನ "ಟ್ಯೂಬಿನಾಗ ಇನ್ನೂ ಅರ್ಧ ಉಳದೈತಿ, ಹಚ್ಚಿಕೋರಿ" ಎಂದ ನನ್ನ ಹೆಂಡತಿಗೆ, "ಬಾಯಾರು ಏಳ ಅಂದಾರ" ಎಂದು ಮುಚ್ಚಳ ತಿರುವಿದಳು. ಈಗ ರಬಕವಿಯಲ್ಲಿ ಮತ್ತೆ ನೂಲು ಸುತ್ತುತ್ತಿದ್ದಾಳೆ. ಎಣ್ಣೆ ಬಿಟ್ಟಿಲ್ಲ, ಬಟ್ಟೆ ಸೋಪು ಬಿಟ್ಟಿದ್ದಾಳೆ. (ಬಟ್ಟೆ ಈಗ ಭಾವ ಒಗೆಯುತ್ತಾರೆ.)

ನನ್ನದು? ಹಳೆಯ ಟ್ಯೂಬ್ ಬಿಟ್ಟ ಮೇಲೆ ಕುತ್ತಿಗೆ ಕೆಂಡವಾಯಿತು. ಬೇರೆ ಔಷಧಿ ಹಚ್ಚಿ ಹುಳುಕಡ್ಡಿ ಹೋಗಲು ಎರಡು ತಿಂಗಳು ಹಿಡಿಯಿತು. ನರಗಳು ಇನ್ನೂ ಕಾಣುತ್ತವೆ. ಯೋಚಿಸಿ ನೋಡಿ. ಎಲ್ಲವನ್ನೂ ಬಿಡಿಸಿ ಬರೆದ ಚೀಟಿ ಅಕ್ಕನನ್ನು ಹೆದರಿಸಿತು. ಏನೂ ಹೇಳದೆ ಕೈಗಿಟ್ಟದ್ದನ್ನು ನಾನು ಆರು ತಿಂಗಳು ಹಚ್ಚಿಕೊಂಡೆ. ಅನುಮಾನ ಕೆಟ್ಟದ್ದಲ್ಲ ಮಾರಾಯರೇ. ಅದನ್ನು ಅಕ್ಕ ಪ್ರಶ್ನೆ ಮಾಡಿಕೊಂಡು ಡಾಕ್ಟರರ ಮುಂದಿಟ್ಟಳು. ನನಗೆ ಅನುಮಾನವೇ ಬರಲಿಲ್ಲ.

ಮೊನ್ನೆ ಜಗಳಕ್ಕೆಂದೇ ಆ ಅಂಗಡಿಗೆ ಹೋದೆ. ಅವನು ತಣ್ಣಗೆ, "ನೀವು ತುರಿಕೆಗೆ ಕೇಳಿದ್ರಿ ಸಾಹೇಬ್ರ, ಕೊಟ್ಟೆ. ಎಷ್ಟ ದಿನ ಅಂತ ಕೇಳಿದ್ರೇನ್ರಿ?" ಎಂದ.

ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಮಗಳ ಮುಖಕ್ಕೆಂದು ಅದೇ ಟ್ಯೂಬ್ ಕೈಯಲ್ಲಿತ್ತು. ಅದನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟು ಕೇಳಿದಳು: "ನಾನು ಕೇಳತೇನ್ರಿ. ಎಷ್ಟ ದಿನ?"

ಅವನಿಗೆ ಗೊತ್ತಿರಲಿಲ್ಲ.