ಉಸಿರೂ ಸೋರದಂತೆ ಹಾಡು ದಾಟಿಸುವ ಕಿವಿಯಕ್ಕ

ಬೀದಿಗೆ ಇನ್ನೂ ಬಾಯಿ ಬಂದಿಲ್ಲ. ಹಾಲಿನ ಗಾಡಿ ಹೋಗಿಯಾಗಿದೆ, ಮೊದಲ ಬಸ್ಸು ಬಂದಿಲ್ಲ. ನಡುವಿನ ಈ ಮೌನವೇ ಕಿವಿಯಕ್ಕನ ಬಂಡವಾಳ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿರುವ ಅಂಗಡಿಯ ಷಟರನ್ನು ಅರ್ಧ ಮಾತ್ರ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾರೆ. ಮೇಜಿನ ಮೇಲೆ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ. ಇಂಟರ್ನೆಟ್ಟಿನಿಂದ ಹಾಡು ತಂದು ಮನೆಯ ಸ್ಪೀಕರಿಗೆ ಕೊಡುವ, ಅಂಗಡಿಗಳಲ್ಲಿ ಎಲ್ಲಕ್ಕಿಂತ ಅಗ್ಗಕ್ಕೆ ಸಿಗುವ ಜಾತಿಯದು. ಅದರಿಂದ ತೆಳುವಾದ ವೈರೊಂದನ್ನು ಎಳೆದು ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿ, ತಮ್ಮ ಪರೀಕ್ಷೆಯ ಧ್ವನಿಯನ್ನು ಹಚ್ಚುತ್ತಾರೆ.

ಕಾದ ಹೆಂಚಿಗೆ ನೀರು ಚೆಲ್ಲಿದಂತೆ ಬರೀ ಚುರ್ ಎನ್ನುವ ಸದ್ದು.

"ಕಳ್ಳ ಒಳಗೇ ಇದಾನೆ," ಎಂದು ನಗುತ್ತಾರೆ. "ಈಗಿನ ಹಾಡು ಅಂದ್ರೆ ಅಂಕಿಗಳ ಮೆರವಣಿಗೆ. ಈ ಡಬ್ಬಿ ಸುಮ್ನೆ ದಾರಿ ಬಿಡಬೇಕು. ಅದು ಬಿಟ್ಟು ಮೆಲ್ಲಗಿರೋದನ್ನ ಜೋರು ಮಾಡುತ್ತೆ, ಜೋರಾಗಿರೋದನ್ನ ತಗ್ಗಿಸುತ್ತೆ. ಕೇಳಿದ್ದು ಯಾರು?"

ಅವರ ಪರೀಕ್ಷೆ ಬಲು ಕಟ್ಟುನಿಟ್ಟು. ಗಂಟಿನಂತೆ ಕಟ್ಟಿಟ್ಟ ಈ ಧ್ವನಿಯನ್ನು ಆಂಪ್ಲಿಫೈಯರು ಬಿಡಿಸಿಕೊಳ್ಳಬೇಕಾದರೆ ಅಂಕಿಗಳೆಲ್ಲ ಹೊರಟಂತೆಯೇ ತಲುಪಬೇಕು. ಡಬ್ಬಿ ದಾರಿಯಲ್ಲಿ ಕೈಯಾಡಿಸಿತೋ, ಚುರುಗುಟ್ಟುವಿಕೆಯೇ ಗತಿ. ಕಿವಿಯಕ್ಕ ಡಬ್ಬಿಯ ಸೆಟ್ಟಿಂಗಿನೊಳಗೆ ಹೊಕ್ಕು ಧ್ವನಿ ತಿದ್ದುವ ಒಂದೊಂದೇ 'ಉಪಕಾರ'ವನ್ನು ಆಫ್ ಮಾಡುತ್ತಾರೆ. ಮತ್ತೆ ಚುರ್. ಇನ್ನೊಂದು. ಕೊನೆಗೆ ಆಂಪ್ಲಿಫೈಯರಿನ ನೀಲಿ ದೀಪ ಹತ್ತಿಕೊಳ್ಳುತ್ತದೆ, ಗಂಟೆಯೊಂದರ ನಾದ ಇಡೀ ಕೋಣೆಯನ್ನು ತುಂಬುತ್ತದೆ. ಅಷ್ಟು ಹೊತ್ತಿಗೆ ಬಸ್ಸು ಬರುತ್ತದೆ. ಷಟರು ಪೂರ್ತಿ ಮೇಲೇರುತ್ತದೆ.

ಐವತ್ತು ದಾಟಿದ ಇವರನ್ನು ಬೀದಿಯವರೆಲ್ಲ ಕರೆಯುವುದೇ ಕಿವಿಯಕ್ಕ ಎಂದು. ಹದಿಹರೆಯದಲ್ಲಿ ಸೇರಿದ್ದು ಕ್ಯಾಸೆಟ್ ಕಾರ್ಖಾನೆಯನ್ನು. ನಕಲು ಮಾಡಿದ ಕ್ಯಾಸೆಟ್ಟುಗಳನ್ನು ಕೇಳಿ, ಕೆಟ್ಟದ್ದನ್ನು ಬದಿಗಿಡುವುದು ಕೆಲಸ. "ನಕಲಿನ ನಕಲು ಮಾಡಿದಾಗ ಮೊದಲು ಸಾಯೋದು ಹಾಡೋರ ಉಸಿರು," ಎನ್ನುತ್ತಾರೆ. "ಹಾಡು ಇರುತ್ತೆ, ಹಾಡೋರು ಇರಲ್ಲ."

ಕ್ಯಾಸೆಟ್ಟಿನ ಕಾಲ ಮುಗಿಯಿತು, ಕಾರ್ಖಾನೆಗೆ ಬೀಗ ಬಿತ್ತು. ಕೆಲವು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ನಡುವೆ ದುಡಿದರು. ಆ ಗದ್ದಲದಲ್ಲಿ ಕಿವಿಯೇ ಹೋದೀತೆಂಬ ಭಯ ಹತ್ತಿ, ಬಿಟ್ಟು ಬಂದು ರೇಡಿಯೊ ರಿಪೇರಿ ಕಲಿತರು. ಅಂಗಡಿ ತೆರೆದ ಹೊಸತರಲ್ಲಿ ಬಂದವರೆಲ್ಲ ಇವರನ್ನು ದಾಟಿ ಒಳಗೆ ಇಣುಕಿ, "ರಿಪೇರಿಯವರಿಲ್ವಾ?" ಎಂದು ಕೇಳುತ್ತಿದ್ದರಂತೆ. "ಊಟಕ್ಕೆ ಹೋಗಿದಾರೆ, ಕೊಟ್ಟು ಹೋಗಿ ಅಂತಿದ್ದೆ. ಸಾಯಂಕಾಲ ಬಂದು ಸರಿಯಾಗಿದ್ದು ತಗೊಂಡು, ಆ ಯಜಮಾನರಿಗೆ ಥ್ಯಾಂಕ್ಸ್ ಹೇಳಿ ಹೋಗೋರು!"

ಮಧ್ಯಾಹ್ನದ ಊಟದ ಡಬ್ಬಿ ತರುವ ಅತ್ತೆಯವರದ್ದು ಬೇರೆಯೇ ದೂರು. "ನನ್ನ ಸೊಸೆಗೆ ಮನೇಲಿ ಹಾಲು ಉಕ್ಕಿದ್ದು ಕೇಳಿಸಲ್ಲ. ಅಂಗಡೀಲಿ ಸೊಳ್ಳೆ ಸೀನಿದ್ರೂ ಕೇಳಿಸುತ್ತೆ."

ಕಿವಿಯಕ್ಕನ ಕೆಲಸದ ಬೆಲೆ ಏನೆಂದು ತಿಳಿಯಬೇಕಾದರೆ ಎರಡು ಬೀದಿ ಆಚೆಗಿರುವ ಕೊಳಲು ಮೇಷ್ಟ್ರನ್ನು ಕೇಳಬೇಕು. ಶ್ವಾಸಕೋಶದ ಆಪರೇಷನ್ ಆದ ಮೇಲೆ ಮೇಷ್ಟ್ರಿಗೆ ಊದುವಷ್ಟು ಉಸಿರಿಲ್ಲ. ದೂರದ ಶಿಷ್ಯರು ನುಡಿಸಿ ಕಳಿಸಿದ್ದನ್ನು ಇಂಥದೇ ಡಬ್ಬಿಯ ಮೂಲಕ ಕೇಳಿ, ಫೋನಿನಲ್ಲಿ ತಿದ್ದುವುದೇ ಅವರಿಗೆ ಉಳಿದ ಪಾಠ. ಹೋದ ವರ್ಷ ಎಲ್ಲ ಶಿಷ್ಯರೂ ಒಂದೇ ಥರ, ಗೋಡೆಯಾಚೆ ನಿಂತು ನುಡಿಸಿದಂತೆ ಕೇಳಿಸತೊಡಗಿದರು. ಮೇಷ್ಟ್ರು ದೂರಿದ್ದು ತಮ್ಮ ಕಿವಿಯನ್ನೇ. "ಇನ್ನು ಪಾಠ ಸಾಕು. ಕಿವುಡ ಗುರು ಯಾರಿಗೂ ಬೇಡ," ಎಂದುಬಿಟ್ಟರು. ಕಿವಿಯ ಡಾಕ್ಟರು ವಯಸ್ಸಿಗೆ ತಕ್ಕಷ್ಟು ಚೆನ್ನಾಗಿಯೇ ಇದೆ ಎಂದರೂ ನಂಬಲಿಲ್ಲ. ಊಟ ಅರ್ಧವಾಯಿತು, ಮಾತು ಕಾಲುಭಾಗವಾಯಿತು. ಅವರ ಹೆಂಡತಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗಂಡನಿಗೆ ಹೇಳದೆ ಅಂಗಡಿಗೆ ಬಂದರು.

"ಕೆಟ್ಟಿರೋದು ಅವರ ಕಿವೀನಾ ಈ ಡಬ್ಬೀನಾ, ಅದೊಂದು ಹೇಳಮ್ಮ ನಂಗೆ," ಎಂದು ಆಕೆ ಕೇಳಿದರು. ಕಿವಿಯಕ್ಕ ಡಬ್ಬಿಯ ಕಿತಾಪತಿಯನ್ನೆಲ್ಲ ಆಫ್ ಮಾಡಿ, ದೀಪ ಹತ್ತುವುದನ್ನು ನೋಡಿ ಕಳಿಸಿದರು. ಮರುದಿನ ಆಕೆ ಮತ್ತೆ ಬಂದರು. ಏನೂ ಬದಲಾಗಿಲ್ಲ, ಮೇಷ್ಟ್ರು ಮುಖ ಗೋಡೆಗೆ ತಿರುಗಿಸಿ ಮಲಗಿದ್ದಾರೆ.

"ಆಗ ನಂಗೂ ಅನುಮಾನ ಬಂತು, ಕಿವಿನೇ ಇರಬಹುದೇನೋ ಅಂತ. ಆದ್ರೆ ನೋಡದೆ ಹೇಗೆ ಹೇಳೋದು?"

ಆಂಪ್ಲಿಫೈಯರನ್ನು ಆಟೊದಲ್ಲಿ ಹಾಕಿಕೊಂಡು ಅವರ ಮನೆಗೇ ಹೋದರು. ಅಲ್ಲೂ ನೀಲಿ ದೀಪ ಹತ್ತಿತು. ಅಂದರೆ ಡಬ್ಬಿ ಈಗ ಪ್ರಾಮಾಣಿಕ. ಬಂದದ್ದನ್ನು ಬಂದಂತೆ ಕೊಡುತ್ತಿದೆ. ಹಾಗಾದರೆ ಬರುತ್ತಿರುವುದೇ ಕೆಟ್ಟಿರಬೇಕು. ಶಿಷ್ಯರು ಹೇಗೆ ಕಳಿಸುತ್ತಾರೆಂದು ಕೇಳಿದರು. ಮೊದಲೆಲ್ಲ ಪೂರ್ತಿ ಫೈಲನ್ನೇ ಈಮೇಲಿನಲ್ಲಿ ಕಳಿಸುತ್ತಿದ್ದವರು, ಈಚೆಗೆ ಸುಲಭವೆಂದು ಫೋನಿನ ಮೆಸೇಜಿನಲ್ಲಿ ಕಳಿಸುತ್ತಿದ್ದರು. ಬೇಗ ತಲುಪಲೆಂದು ಆ ಮೆಸೇಜು ಹಾಡನ್ನು ಒದ್ದೆ ಬಟ್ಟೆಯಂತೆ ಹಿಂಡಿಬಿಡುತ್ತದೆ. ಹಿಂಡಿ ಹೋದದ್ದನ್ನು ಯಾವ ಡಬ್ಬಿಯೂ ವಾಪಸ್ ತುಂಬಲಾರದು.

ಬಸ್ ಡಿಪೋದಲ್ಲಿ ಟಿಕೆಟ್ ಕೊಡುವ ಶಿಷ್ಯೆಯೊಬ್ಬಳಿಗೆ ಅಲ್ಲಿಂದಲೇ ಫೋನು ಹೋಯಿತು. ಆಕೆ ಮತ್ತೆ ನುಡಿಸಿ, ಕಿವಿಯಕ್ಕ ಹೇಳಿಕೊಟ್ಟಂತೆ ಹಿಂಡದ ಫೈಲನ್ನು ಕಳಿಸಿದಳು. ಮೇಷ್ಟ್ರು ಮಲಗಿದ್ದಲ್ಲೇ ಕೇಳಿದರು. ಅರ್ಧದಲ್ಲಿ ಕೈ ಮೇಲೆತ್ತಿ, "ನಿಲ್ಸಿ, ನಿಲ್ಸಿ!" ಎಂದು ಎದ್ದು ಕೂತರು.

ಹೆಂಡತಿಗೆ ಗಾಬರಿ. ಮೇಷ್ಟ್ರು ಫೋನು ಕಸಿದುಕೊಂಡು ಶಿಷ್ಯೆಯ ಮೇಲೆ ಹರಿಹಾಯ್ದರು: "ಕಳ್ಳಿ! ಸಾಲಿನ ನಡುವೆ ಕದ್ದು ಉಸಿರು ತಗೋತಿದೀಯಲ್ಲೇ! ಎಷ್ಟು ದಿನದಿಂದ ನಡೀತಿದೆ ಇದು?"

ಆ ಕಡೆಯಿಂದ ಕೇಳಿಸಿದ್ದು ನಗುವೋ ಅಳುವೋ ಗೊತ್ತಾಗಲಿಲ್ಲ ಎನ್ನುತ್ತಾರೆ ಕಿವಿಯಕ್ಕ. "ಮೇಷ್ಟ್ರ ಮನೆಯವರು ಮಾತ್ರ ಅಡುಗೆಮನೆಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಕಾಫಿ ಇತ್ತು." ಮೇಷ್ಟ್ರ ಪಾಠ ಅಂದಿನಿಂದ ನಿಂತಿಲ್ಲ. ಬೈಗುಳವೂ ನಿಂತಿಲ್ಲವಂತೆ.

ಇಂದು ಕಿವಿಯಕ್ಕನ ಬಳಿ ದುಬಾರಿ ಯಂತ್ರ ಕೊಳ್ಳಲಾಗದವರು ಬರುತ್ತಾರೆ, ಕೊಳ್ಳಬಲ್ಲವರೂ ಬರುತ್ತಾರೆ. ಸರಿಮಾಡಿಸಿಕೊಂಡು ಹೋದವರು ನಿಮ್ಮಿಂದ ಸೌಂಡು ಚೆನ್ನಾಗಾಯಿತು ಎಂದರೆ ಮಾತ್ರ ಇವರು ಒಪ್ಪುವುದಿಲ್ಲ. "ನಾನೇನು ಚಂದ ಮಾಡ್ದೆ? ನುಡಿಸಿದೋರು ಚಂದ ನುಡಿಸಿದಾರೆ. ಅಡ್ಡ ನಿಂತಿದ್ದನ್ನ ಪಕ್ಕಕ್ಕೆ ಸರಿಸಿದೆ, ಅಷ್ಟೇ."

ಆಸೆಯೇನಾದರೂ ಉಂಟೇ ಎಂದು ಕೇಳಿದರೆ ಸೋಲ್ಡರಿಂಗ್ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟು ಯೋಚಿಸುತ್ತಾರೆ.

"ಒಂದು ಹಾಡನ್ನ ಕೊನೇ ತನಕ ಕೇಳಬೇಕು. ಈಗ ಶುರುವಾಗ್ತಿದ್ದಂಗೆ ಎಲ್ಲಿ ತಪ್ಪಿದೆ ಅಂತ ಕೈ ವೈರ್ ಹುಡುಕುತ್ತೆ. ತಪ್ಪಿಲ್ಲ ಅಂತ ಗೊತ್ತಾದ ತಕ್ಷಣ ಆಫ್ ಮಾಡಿ ಮುಂದಿನ ಡಬ್ಬಿ ತಗೋತೀನಿ. ಒಂದು ಭಾನುವಾರ, ಕಾಲು ಚಾಚ್ಕೊಂಡು, ಪೂರ್ತಿ ಒಂದು ಹಾಡು."