ದರ್ಜಿಯ ಎಂಟು ಕವರುಗಳು

ಬೀದಿಗೆಲ್ಲ ‘ಗುಳಿಗೆ ಅಕ್ಕ’ ಎಂದೇ ಗುರುತಾಗಿದ್ದ ಔಷಧದಂಗಡಿಯವಳು ನಾಲ್ಕು ವರ್ಷ ಓದಿ, ಪರೀಕ್ಷೆ ಪಾಸು ಮಾಡಿ ಆ ಕೌಂಟರಿನ ಹಿಂದೆ ನಿಂತವಳು. ಯಾವ ಮಾತ್ರೆ ಯಾವುದರ ಜೊತೆ ಸೇರಿದರೆ ಕೆಡುಕು ಎಂಬುದು ಅವಳಿಗೆ ಬಾಯಿಪಾಠ. ರೋಗ ಯಾವುದೆಂದು ಹೇಳುವುದು ತನ್ನ ಕೆಲಸವಲ್ಲ ಎಂಬುದೂ ಗೊತ್ತಿತ್ತು. ಓದು ಬಾರದವರಿಗೂ ತಿಳಿಯಲೆಂದು ಕಾಗದದ ಕವರಿನ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು, ಕೆಳಗೆ ತಾರೀಖು ಹಾಕಿ ಕೊಡುತ್ತಿದ್ದಳು.

ಎದುರು ಸಾಲಿನ ದರ್ಜಿ ಎದೆಯುರಿ ಎಂದು ಬಂದಾಗ ಒಂದು ವಾರದ ಮಾತ್ರೆ ಕೊಟ್ಟು, “ಎರಡು ವಾರದಲ್ಲಿ ಹೋಗ್ಲಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸ್ಬೇಕು ಅಣ್ಣ” ಎಂದಿದ್ದಳು.

ಮೂರನೇ ವಾರವೂ ಆತ ಎದೆ ತಿಕ್ಕಿಕೊಳ್ಳುತ್ತಲೇ ಬಂದ.

“ಮೆಟ್ಟಿಲು ಹತ್ತಿದ್ರೆ ಜಾಸ್ತಿ ಆಗುತ್ತಾ?”

“ಆಗುತ್ತೆ. ಕೂತ್ರೆ ಇಳಿಯುತ್ತೆ.”

ಅವಳು ಕೈಲಿದ್ದ ಕವರು ಬದಿಗಿಟ್ಟಳು. “ಇದು ನನ್ನ ಕೈ ಮೀರಿದ್ದು ಅಣ್ಣ. ಇವತ್ತೇ ಆಸ್ಪತ್ರೆಗೆ ಹೋಗಿ.”

“ಅಲ್ಲಿ ಹೋದ್ರೆ ಸಂಜೆವರೆಗೂ ಬೆಂಚು ಕಾಯ್ಬೇಕು. ನೀವೇ ನಮ್ಮ ಡಾಕ್ಟರಮ್ಮ! ನಿಮ್ಮ ಸೂರ್ಯನ ಮುಖ ನೋಡಿದ್ರೇ ಅರ್ಧ ವಾಸಿ.”

ಹಿಂದೆ ನಿಂತವರು ನಕ್ಕರು. ಅವಳಿಗೂ ನಗು ಬಂತು. ಕವರು ಕಟ್ಟಿಕೊಟ್ಟಳು. ಮುಂದಿನ ವಾರಗಳಲ್ಲಿ ಆಸ್ಪತ್ರೆಯ ಮಾತು ಹೇಳಲು ನಾಲಿಗೆ ಏಳಲಿಲ್ಲ. ಮತ್ತೆ ಮತ್ತೆ ಹೇಳಿದರೆ ಬೇಸರಪಟ್ಟು ಪಕ್ಕದ ಅಂಗಡಿಗೆ ಹೋದಾನೆಂಬ ಅಳುಕು.

ಎಂಟು ವಾರ ಕಳೆದ ಮೇಲೆ ಬಂದವಳು ಅವನ ಹೆಂಡತಿ. ದರ್ಜಿ ತೀರಿಕೊಂಡು ಐದು ದಿನವಾಗಿತ್ತು.

“ಆಸ್ಪತ್ರೇಲಿ ಹೃದಯ ಅಂದ್ರು. ಹಳೇ ಚೀಟಿ ಕೊಡಿ ಅಂತ ಕೇಳಿದ್ರು ಅಕ್ಕ. ಇವನ್ನೇ ಕೊಟ್ಟೆ.”

ಆಕೆ ಕೌಂಟರಿನ ಮೇಲಿಟ್ಟದ್ದು ಎಂಟೂ ಕವರುಗಳು. ತಾರೀಖಿನ ಪ್ರಕಾರ ಜೋಡಿಸಿ, ದರ್ಜಿಯ ಗುಂಡುಪಿನ್ನು ಚುಚ್ಚಿತ್ತು.

“ದೊಡ್ಡ ಡಾಕ್ಟರು ಒಂದೊಂದೇ ತಿರುಗಿಸಿ ನೋಡಿದ್ರು. ಯಾರು ನೋಡ್ತಿದ್ರು ಇವರನ್ನ ಅಂದ್ರು. ನಮ್ಮ ಗುಳಿಗೆ ಅಕ್ಕ ಅಂದೆ. ಆಮೇಲೆ ಇವನ್ನ ನನ್ನ ಕೈಗೇ ವಾಪಸ್ ಕೊಟ್ರು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನೀವು ಚೆನ್ನಾಗೇ ನೋಡ್ಕೊಂಡ್ರಿ ಬಿಡಿ. ನಮ್ಮ ಹಣೇಲಿ ಬರೆದಿರ್ಲಿಲ್ಲ.”

ಅಲ್ಲ, ನಾನು ನೋಡಿಕೊಳ್ಳಲಿಲ್ಲ ಎನ್ನಬೇಕೆಂದುಕೊಂಡವಳು ಕವರುಗಳ ಅಂಚು ಸರಿಮಾಡಿದಳು. ಆಕೆ ಹೋದಳು, ಕವರುಗಳು ಕೌಂಟರಿನ ಮೇಲೆ ಉಳಿದವು.

ಅಷ್ಟರಲ್ಲಿ ಗಾರೆ ಕೆಲಸದವನೊಬ್ಬ ಬಂದು ಕೆಮ್ಮಿದ. ತಿಂಗಳಾಯಿತಂತೆ, ಕಫದಲ್ಲಿ ಕೆಂಪು ಬೇರೆ.

“ನಾನು ಏನೂ ಕೊಡಲ್ಲ,” ಎಂದಳು. “ಆಸ್ಪತ್ರೆಗೆ ಹೋಗಿ. ದಮ್ಮಯ್ಯ, ಈಗಲೇ ಹೋಗಿ.”

“ಎಲ್ರಿಗೂ ಕೊಡ್ತೀರ, ನಾನೇನು ಪಾಪ ಮಾಡಿದ್ದೆ?” ಅವನು ಗೊಣಗುತ್ತ ಇಳಿದುಹೋದ.

ಗಾಜಿನಾಚೆ ನೋಡಿದಳು. ಅವನು ಪಕ್ಕದ ಅಂಗಡಿಯಿಂದ ಹೊರಬಂದು, ಕೆಮ್ಮಿನ ಔಷಧದ ಶೀಶೆಯನ್ನು ಕುಲುಕಿ, ನಿಂತಲ್ಲೇ ಒಂದು ಗುಟುಕು ಕುಡಿದು, ಕೆಲಸದ ಕಡೆ ಹೊರಟ.