ಅಂಗಾಲಿಗೆ ಹಚ್ಚಿದ ಬೆಳ್ಳುಳ್ಳಿ

"ಬಾಯಿ ಮುಚ್ಚೋ ಮಾರಾಯಾ, ಬೆಳ್ಳುಳ್ಳಿ ನಾರತೈತಿ!" ಎಂದು ಅಜ್ಜಿ ಕಿರುಚಿದಾಗ ನಾನು ಇಡೀ ಖಾನಾಪುರಕ್ಕೆ ಕೇಳುವಂತೆ ಚಪ್ಪಾಳೆ ತಟ್ಟಿದೆ.

ಬೆಳಗಾವಿಯಿಂದ ಬಂದ ಮಾರಾಟಗಾರನೊಬ್ಬ ನಮ್ಮ ಕಟ್ಟೆಯ ಮೇಲೆ ಮುಖ ಬೆಳ್ಳಗಾಗಿಸುವ ಮುಲಾಮಿನ ಡಬ್ಬಿಗಳನ್ನು ಹರಡಿದ್ದ. ಮರುದಿನ ಅಕ್ಕನನ್ನು ನೋಡಲು ವರನ ಕಡೆಯವರು ಬರುವವರಿದ್ದರು. ಅಕ್ಕ ಆಗಲೇ ಡಬ್ಬಿ ಅಪ್ಪಿಕೊಂಡಿದ್ದಳು.

"ಇದರಾಗ ಪಾದರಸ ಐತಂತ, ವಿಷ ಅಲ್ಲೇನೋ?" ಎಂದಳು ಅಜ್ಜಿ.

"ಚರ್ಮದೊಳಗ ಏನೂ ಇಳಿಯಂಗಿಲ್ರಿ ಅಮ್ಮಾರ, ಮ್ಯಾಲೇ ಕುಂದರತೈತಿ," ಎಂದ ಅವನು.

"ಹಂಗಾರ ನಿಮ್ಮ ಅಂಗಾಲು ಕೊಡ್ರಿ," ಎಂದೆ ನಾನು.

ಅವನು ನಗುತ್ತ ಕಾಲು ಚಾಚಿದ. ಪಕ್ಕದ ಮನೆಯಿಂದ ತಂದ ಬೆಳ್ಳುಳ್ಳಿ ಜಜ್ಜಿ ಅವನ ಅಂಗಾಲಿಗೆ ಮೆತ್ತಿ, ಮೇಣಬಟ್ಟೆಯಲ್ಲಿ ಬಿಗಿದೆ. ಬಾಯಿ ತೊಳೆಸಿ, ಏನೂ ತಿನ್ನಗೊಡದೆ ಕೂರಿಸಿದೆ. ತಾಸಾದ ಮೇಲೆ, ಮೊದಲೇ ಒಳಗೆ ಕಳಿಸಿದ್ದ ಅಜ್ಜಿಯನ್ನು ಹೊರಗೆ ಕರೆದೆ. ನಮ್ಮದು ಬೆಳ್ಳುಳ್ಳಿ ಮುಟ್ಟದ ಜೈನರ ಮನೆ. ಅಷ್ಟು ದೂರದ ದೇಸೂರಿನಲ್ಲಿ ಯಾರಾದರೂ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಅಜ್ಜಿ ಇಲ್ಲಿ ಸೀನುತ್ತಾಳೆ. ಅವನು ಅವಳ ಮುಖಕ್ಕೆ 'ಉಫ್' ಎಂದು ಊದಿದ್ದೇ ತಡ, ಅಜ್ಜಿಯ ಆ ಕಿರುಚಾಟದಲ್ಲೇ ತೀರ್ಪು ಬಿತ್ತು.

"ಕಾಲಿಗೆ ಹಚ್ಚಿದ್ದು ಬಾಯಿಗಿ ಬಂತಲ್ಲರೀ!" ಎಂದೆ. ಅಕ್ಕ ಡಬ್ಬಿಯನ್ನು ಹಾವು ಹಿಡಿದವಳಂತೆ ಕೆಳಗಿಟ್ಟಳು.

ಮರುದಿನ ಅಕ್ಕ ತನ್ನ ಬಣ್ಣದಲ್ಲೇ ಕೂತು ಒಪ್ಪಿಗೆಯಾದಳು, ನಾನು ಓಣಿಗೆಲ್ಲ 'ಡಾಕ್ಟರಬಾಯಿ' ಆದೆ. ಮೈಲಿಗೆಯಾದ ಕಟ್ಟೆಯನ್ನು ಅಜ್ಜಿ ನನ್ನಿಂದ ಏಳು ಸಲ ತೊಳೆಸಿದಳು. ಏಳು ಸಲವೂ ಮಹಾರಾಣಿಯಂತೆ ತೊಳೆದೆ.